ಬೀರುವಿನ ಬಾಗಿಲ ಮೇಲಿನ ಸ್ಟಿಕರ್‌ಗಳು

ಏಳನೆಯ ಕಂತು

“ಬೀರು ತೆಗಿ,” ಎಂದೆ.

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಡಲಿಲ್ಲ. ಇಪ್ಪತ್ತೆರಡು ವರ್ಷದ ಪರಿಚಯದಲ್ಲಿ ನಾನು ಅವರನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಯಾವ ಬೀರು ಸಾರ್?”

“ನಿನ್ನ ಬೆನ್ನ ಹಿಂದೆ ಇರೋದು. ನಾನು ಬಂದಾಗಿಂದ ಅದಕ್ಕೆ ಒರಗಿಕೊಂಡೇ ನಿಂತಿದ್ದೀಯಲ್ಲ, ಅದು.”

ಕಂಪ್ರೆಸರ್ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಮೇಲಕ್ಕೆತ್ತಿ ನಿಲ್ಲಿಸಿದ್ದ ಬಿಳಿ ಕಾರಿನ ಹೊಟ್ಟೆಯಿಂದ ಹಳೆಯ ಆಯಿಲ್ ಸಣ್ಣ ಧಾರೆಯಾಗಿ ತಟ್ಟೆಗೆ ಇಳಿಯುತ್ತಿತ್ತು. ಗಾಜಿನ ಕ್ಯಾಬಿನ್ನಿನ ಒಳಗೆ ಮ್ಯಾನೇಜರ್ ಫೋನು ಕಿವಿಗಿಟ್ಟುಕೊಂಡು ನಮ್ಮ ಕಡೆಗೇ ನೋಡುತ್ತಿದ್ದ. ಗೋಡೆಯ ಗಡಿಯಾರದಲ್ಲಿ ಮೂರು ಹೊಡೆಯುವುದರಲ್ಲಿತ್ತು.

ನಾಲ್ಕು ಗಂಟೆಯೊಳಗೆ ನನಗೊಂದು ಹೆಸರು ಬೇಕಿತ್ತು, ಅಕ್ಕನ ಮುಂದಿಟ್ಟು ಅವಳನ್ನು ತಡೆಯುವುದಕ್ಕೆ. ಹತ್ತು ದಿನದ ಹಿಂದೆ ಫೋನಿನಲ್ಲಿ ಬಂದ ಒಂದು ದನಿ, ತೀರಿಕೊಂಡ ಭಾವನ ಕಾರಿನ ವಾರಂಟಿ ಇವತ್ತೇ ಮುಗಿಯುತ್ತದೆ ಎಂದು ಹೆದರಿಸಿ ನನ್ನ ಅಕ್ಕನ ಉಳಿತಾಯವನ್ನು ಗುಡಿಸಿ ಗುಂಡಾಂತರ ಮಾಡಿತ್ತು. ಈಗ ಅದೇ ದನಿ, ‘ಹೋದದ್ದನ್ನೆಲ್ಲ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಖರ್ಚಾಗುತ್ತದೆ’ ಎಂದು ಎರಡನೆಯ ಸುತ್ತು ಶುರುಮಾಡಿತ್ತು.

ಅಕ್ಕನಿಗೆ ಉಳಿದಿದ್ದುದು ಒಂದೇ ಒಂದು ಠೇವಣಿ. ಮೂವತ್ತು ವರ್ಷದಿಂದ ಬಾಡಿಗೆಗಿದ್ದು ಬಟ್ಟೆ ಹೊಲಿಯುತ್ತಿದ್ದ ಅಂಗಡಿಯನ್ನು ಈ ತಿಂಗಳ ಕೊನೆಗೆ ತನ್ನದು ಮಾಡಿಕೊಳ್ಳಲು ಎತ್ತಿಟ್ಟದ್ದು ಅದು. ಅದನ್ನು ಮುರಿಸಬೇಕಾದರೆ ಬ್ಯಾಂಕಿಗೇ ಹೋಗಬೇಕು, ಬ್ಯಾಂಕು ನಾಲ್ಕಕ್ಕೆ ಮುಚ್ಚುತ್ತದೆ. ಠೇವಣಿ ಹೋದರೆ ಅಂಗಡಿಯೂ ಹೋಯಿತು. ಅಂಗಡಿ ಹೋದರೆ ಅಕ್ಕ ಏನಾಗುತ್ತಾಳೆ ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ.

ಆದರೂ ಅವಳು ಬ್ಯಾಂಕಿಗೆ ಹೋಗಲಾರಳು ಎಂದು ಒಳಗೊಳಗೆ ಅಂದುಕೊಂಡಿದ್ದೆ. ಬೆಳಿಗ್ಗೆ ಸರಿಯಾಗಿ ಮಂಗಳಾರತಿ ಮಾಡಿಯೇ ಬಂದಿದ್ದೆ.

“ಅವರು ಒಳ್ಳೆಯವರ ಥರಾನೇ ಮಾತಾಡ್ತಾರೆ ಕಣೋ,” ಎಂದಿದ್ದಳು, ಹೊಲಿಗೆ ಯಂತ್ರದ ಮುಂದೆ ಕೂತು. “ಊಟ ಆಯ್ತಾ ಅಂತ ಕೇಳ್ತಾರೆ.”

“ಕಳ್ಳ ಇನ್ನೇನು ಬೈದುಕೊಂಡು ಮಾತಾಡ್ತಾನಾ? ಬುದ್ಧೀನ ಎಲ್ಲಿ ಅಡ ಇಟ್ಟಿದ್ದೀಯಕ್ಕ? ನನಗೆ ಫೋನ್ ಮಾಡಿದ್ರೆ ಗೊತ್ತಾಗ್ತಿತ್ತು ಅವನಿಗೆ. ಎರಡು ಮಾತಿಗೆ ಬೆವರು ಇಳಿಸ್ತಿದ್ದೆ.”

ಅಕ್ಕ ತಲೆ ತಗ್ಗಿಸಿ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ನಾನು ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಯಂತ್ರದ ಮೇಲೆಯೇ ಅಂಟಿಸಿದೆ. ಆತುರಪಡಿಸುವವರನ್ನು ನಂಬಬೇಡ. ಹೊಗಳುವವರನ್ನು ನಂಬಬೇಡ. ಗುರುತಿನ ದನಿಯಾದರೂ ನಂಬಬೇಡ, ಈಗ ದನಿಯನ್ನೂ ಕದಿಯುತ್ತಾರೆ. ಅವಳಿಂದ ಎರಡು ಸಲ ಗಟ್ಟಿಯಾಗಿ ಓದಿಸಿದೆ. ಅರವತ್ತೆರಡು ವರ್ಷದ ಹೆಂಗಸು, ನನ್ನನ್ನು ಎತ್ತಿ ಆಡಿಸಿದವಳು, ಶಾಲೆಯ ಹುಡುಗಿಯ ಹಾಗೆ ಬೆರಳಿಟ್ಟು ಓದಿದಳು.

“ನಿನಗೇನಪ್ಪ, ಸರ್ಟಿಫಿಕೇಟ್ ತಗೊಂಡೋನು,” ಎಂದಳು ಕೊನೆಗೆ. ಅದು ಹೆಮ್ಮೆಯೋ ಅಣಕವೋ ನನಗೆ ತಿಳಿಯಲಿಲ್ಲ.

ಆ ಸರ್ಟಿಫಿಕೇಟ್ ನನ್ನ ಕೋಣೆಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ವಾಹನ ತಪಾಸಣೆಯ ತರಬೇತಿ ಕೇಂದ್ರವೊಂದು ಕೊಟ್ಟದ್ದು. ಒಂದು ಚಕ್ರ, ಚಕ್ರದ ನಡುವೆ ಒಂದು ಕಣ್ಣು, ಹೀಗೊಂದು ನೀಲಿ ಮುದ್ರೆ. ಅಕ್ಕ ನನ್ನಲ್ಲಿಗೆ ಬಂದಾಗಲೆಲ್ಲ ಸೆರಗಿನಲ್ಲಿ ಅದರ ಧೂಳು ಒರೆಸುತ್ತಾಳೆ.

ನಾನು ಅದಕ್ಕೆ ಲಾಯಕ್ಕಾದವನೇ. ಇಪ್ಪತ್ತೆರಡು ವರ್ಷ ವಿಮೆಯವರ ಪರವಾಗಿ ಗುದ್ದಿಸಿಕೊಂಡ ಕಾರುಗಳನ್ನು ನೋಡಿ, ಮಾಲೀಕ ಹೇಳುವುದು ನಿಜವೋ ಸುಳ್ಳೋ ಎಂದು ಬರೆದುಕೊಟ್ಟವನು. ಗೀರು ನೋಡಿ ಗೋಡೆಯೋ ಗೂಳಿಯೋ ಹೇಳಬಲ್ಲೆ. ಅದಕ್ಕೇ ಎಲ್ಲರೂ ‘ಗೀರು ಸಾಹೇಬ್ರು’ ಎನ್ನುತ್ತಾರೆ, ಕೆಲವರು ಎದುರಿಗೆ, ಕೆಲವರು ಬೆನ್ನ ಹಿಂದೆ. ನಾನು ಮೊದಲು ನೋಡುವುದು ಜಜ್ಜಿದ ಜಾಗವನ್ನಲ್ಲ. ಡ್ರೈವರ್ ಬಾಗಿಲು ತೆಗೆದು, ಬಾಗಿಲು ಮುಚ್ಚಿದರೆ ಮರೆಯಾಗುವ ಚೌಕಟ್ಟಿನ ಕಂಬವನ್ನು, ಅಂದರೆ ಪಿಲ್ಲರನ್ನು, ನೋಡುತ್ತೇನೆ. ಕಾರಿನ ಜಾತಕವೆಲ್ಲ ಅಲ್ಲಿರುತ್ತದೆ.

ಮೇಸ್ತ್ರಿ ಸಿಕ್ಕಿಬಿದ್ದದ್ದೂ ಅಲ್ಲಿಯೇ.

“ದನಿ ನನ್ನ ಅಕ್ಕನಿಗೆ ಏನಂತು ಗೊತ್ತಾ?” ಎಂದೆ. “ನಿಮ್ಮ ಬೂದು ಬಣ್ಣದ ಕಾರು ನಲವತ್ತೊಂದು ಸಾವಿರದ ನಾನೂರ ಎಪ್ಪತ್ತು ಕಿಲೋಮೀಟರ್ ಓಡಿದೆಯಮ್ಮ ಅಂತು. ಅಷ್ಟು ಕರಾರುವಾಕ್ಕಾಗಿ ಹೇಳಿದ್ದಕ್ಕೇ ಅವಳು ನಂಬಿದ್ದು. ಕಾರಿನ ಮೀಟರ್ ನೋಡಿದೆ, ನಲವತ್ತಾರು ಸಾವಿರ ಇದೆ. ನಿಮ್ಮ ಕಂಪ್ಯೂಟರ್ ನೋಡಿದೆ, ಅದರಲ್ಲೂ ಆ ನಂಬರ್ ಇಲ್ಲ. ಮತ್ತೆ ಎಲ್ಲಿಂದ ಬಂತು ಅದು?”

ಮೇಸ್ತ್ರಿ ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

“ಮೂವತ್ತೊಂದು ಸಾವಿರದ ನಾನೂರ ಎಪ್ಪತ್ತಕ್ಕೆ ನೀನು ಆಯಿಲ್ ಬದಲಾಯಿಸಿದೆ. ಅದಕ್ಕೆ ಹತ್ತು ಸಾವಿರ ಕೂಡಿಸಿ, ಮುಂದಿನ ಸರ್ವಿಸ್ ಯಾವಾಗ ಅಂತ ಸ್ಟಿಕರ್ ಮೇಲೆ ಬರೆದು ಪಿಲ್ಲರಿಗೆ ಅಂಟಿಸಿದೆ. ಬೇರೆ ಮೇಸ್ತ್ರಿಗಳೆಲ್ಲ ನಲವತ್ತು ಸಾವಿರ ಅಂತ ದುಂಡಗೆ ಬರೀತಾರೆ. ಚಿಲ್ಲರೆ ಸಮೇತ ಬರೆಯೋನು ಈ ಊರಲ್ಲಿ ನೀನೊಬ್ಬನೇ.”

“ದುಂಡಗೆ ಬರೆದ್ರೆ ಸುಳ್ಳಾಗುತ್ತೆ ಸಾರ್.”

“ಇದೇ ದನಿಗೆ ದುಡ್ಡು ಕಳಕೊಂಡ ಇನ್ನಿಬ್ಬರು ನಿಮ್ಮ ಗಿರಾಕಿಗಳೇ. ಹಲ್ಲಿನ ಡಾಕ್ಟರಿಗೂ ಹಾಗೇ ಚಿಲ್ಲರೆ ಸಮೇತ ಹೇಳಿದ್ರು. ಫೋಟೋ ಸ್ಟುಡಿಯೋದವರಿಗೂ ಅಷ್ಟೇ. ಓಡಿದ್ದೆಷ್ಟು, ಮುಂದೆ ಓಡಬೇಕಾದ್ದೆಷ್ಟು ಅಂತ ಆ ದನಿಗೆ ವ್ಯತ್ಯಾಸವೇ ಗೊತ್ತಿಲ್ಲ. ಸ್ಟಿಕರ್ ಮೇಲೆ ಇದ್ದದ್ದನ್ನ ಹಾಗೇ ಓದಿದ್ದಾರೆ. ಓದೋಕೆ ಕೊಟ್ಟವನು ಯಾರು? ತೆಗಿ ಬೀರು.”

ಮೇಸ್ತ್ರಿ ನಿಧಾನವಾಗಿ ಸ್ಪ್ಯಾನರನ್ನು ಒರೆಸಿ ಜಾಗದಲ್ಲಿಟ್ಟರು. ಜೇಬಿನಿಂದ ಬೀಗದ ಕೈ ತೆಗೆದರು.

ಬೀರುವಿನ ಬಾಗಿಲ ಒಳಮೈ ತುಂಬ ಸ್ಟಿಕರ್‌ಗಳು. ಬೆಂಕಿಪೊಟ್ಟಣದಷ್ಟು ಅಗಲದ ಬಿಳಿ ಚೀಟಿಗಳು ಸಾಲುಸಾಲಾಗಿ, ಒಂದರ ಪಕ್ಕ ಒಂದು, ಮೇಲಿಂದ ಕೆಳಗಿನವರೆಗೆ. ಎಲ್ಲವೂ ಮೇಸ್ತ್ರಿಯ ಅಕ್ಷರ. ನಾಲ್ಕನೆಯ ಸಾಲಿನಲ್ಲಿ, ಒಂದು ಮೂಲೆ ಹರಿದು, 41,470.

ನನ್ನ ಎದೆ ಹಗುರವಾಯಿತು. ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ಅಕ್ಕನ ಅಂಗಡಿ ನೆನಪಾಗಲಿಲ್ಲ. ನನ್ನ ಲೆಕ್ಕಾಚಾರ ಸರಿಯಾಯಿತಲ್ಲ ಎಂದೇ ಖುಷಿಯಾಯಿತು.

“ಏನಿದು?”

“ಕಿತ್ತ ಸ್ಟಿಕರ್‌ಗಳು. ಗಿರಾಕಿಗಳು ಜಗಳಕ್ಕೆ ಬರ್ತಾರೆ ಸಾರ್. ಹೋದ ಸಲ ನೀನು ಬೇರೆ ಹೇಳಿದ್ದೆ, ಈಗ ಬೇರೆ ಹೇಳ್ತೀಯ ಅಂತ. ಅದಕ್ಕೇ ಹೊಸದು ಅಂಟಿಸೋವಾಗ ಹಳೇದನ್ನ ಎಸೆಯಲ್ಲ. ಕಿತ್ತು ಇಲ್ಲಿ ಹಾಕ್ತೀನಿ, ತಾರೀಖು ಬರೀತೀನಿ.”

“ಜಗಳ ಬಿಡಿಸೋಕೆ ಇಟ್ಟಿದ್ದೀಯೋ ಮಾರೋಕೆ ಇಟ್ಟಿದ್ದೀಯೋ?”

“ಸಾರ್.”

“ಯಾರಿಗೆ ಕೊಟ್ಟೆ ಅಂತ ಈಗ ಹೇಳು. ಒಂದು ಹೆಸರು, ಒಂದು ನಂಬರ್, ಅಷ್ಟು ಸಾಕು. ನನ್ನ ವರದಿ ಬೆಳಿಗ್ಗೇನೇ ನಿಮ್ಮ ಮ್ಯಾನೇಜರ್ ಕೈಗೆ ಕೊಟ್ಟಿದ್ದೀನಿ. ಇಷ್ಟು ಹೊತ್ತಿಗೆ ಠಾಣೆಗೆ ಹೋಗಿರುತ್ತೆ.”

ಅವರ ಮುಖ ಬಿಳಿಚಿಕೊಂಡಿತು. “ನನ್ನ ಹೆಸರು ಬರೆದಿದ್ದೀರಾ?”

“ಇನ್ನು ಯಾರ ಹೆಸರು ಬರೀಲಿ?”

“ಕೇಳದೇನೇ ಬರೆದುಬಿಟ್ರಾ ಸಾರ್.” ಅವರು ಕೋಪದಿಂದ ಹೇಳಲಿಲ್ಲ. ಕೋಪ ಮಾಡಿಕೊಂಡಿದ್ದರೆ ನನಗೆ ಸುಲಭವಾಗುತ್ತಿತ್ತು. “ನಾಳೆ ಮಗಳ ಮದುವೆ ಮಾತಿಗೆ ಗಂಡಿನ ಮನೆಯವರು ನಮ್ಮನೆಗೆ ಬರೋರಿದ್ರು.”

“ಅದನ್ನ ಮೊದಲೇ ಯೋಚಿಸಬೇಕಿತ್ತು.”

ಮೇಸ್ತ್ರಿ ಬೀರುವಿನ ಬಾಗಿಲನ್ನು ಇನ್ನೂ ಅಗಲಕ್ಕೆ ತೆಗೆದು ಬೆಳಕಿಗೆ ತಿರುಗಿಸಿದರು. “ನೀವು ದೊಡ್ಡೋರು. ಗೀರು ನೋಡಿ ಗುಟ್ಟು ಹೇಳೋರು. ಇದನ್ನೂ ಸ್ವಲ್ಪ ನೋಡಿ. ಇದ್ರಲ್ಲಿ ಎಲ್ಲಾದ್ರೂ ಯಾರದಾದ್ರೂ ಹೆಸರಿದೆಯಾ?”

ನೋಡಿದೆ. ಇರಲಿಲ್ಲ.

“ಕಾರಿನ ನಂಬರ್? ಫೋನ್ ನಂಬರ್?”

“ನಿನಗೆ ಬಾಯಿಪಾಠ ಇರುತ್ತೆ.”

“ಸರಿ, ಇದೆ ಅಂತಾನೇ ಇಟ್ಕೊಳ್ಳಿ. ನಿಮ್ಮ ಭಾವನವರ ಕಾರಿನ ಪಿಲ್ಲರ್ ಮೇಲೆ ಈಗ ಎಷ್ಟಿದೆ?”

ನನಗೆ ಗೊತ್ತಿತ್ತು, ನಿನ್ನೆಯಷ್ಟೇ ನೋಡಿದ್ದೆ. “ಐವತ್ತು ಸಾವಿರದ ಒಂಬೈನೂರು.”

“ಭಾವನವರು ಹೋಗೋ ತಿಂಗಳ ಮುಂಚೆ ನಾನೇ ಅಂಟಿಸಿದ್ದು. ಅವತ್ತೇ ಇದನ್ನ ಕಿತ್ತೆ. ನಾನು ಮಾರೋನಾಗಿದ್ರೆ ತಾಜಾ ಇರೋದನ್ನ ಮಾರ್ತಿದ್ದೆ, ಹಳಸಿದ್ದನ್ನ ಯಾಕೆ ಮಾರಲಿ? ಹಲ್ಲಿನ ಡಾಕ್ಟರ ಕಾರಿಗೂ ಹೊಸ ಸ್ಟಿಕರ್ ಇದೆ. ಅವರಿಗೂ ಹಳೇ ನಂಬರನ್ನೇ ಹೇಳಿದ್ದಾರೆ. ಸ್ಟುಡಿಯೋದವರಿಗೂ ಹಳೇದನ್ನೇ. ಈ ನಂಬರ್ ಕೊಟ್ಟೋನು ಕಾರನ್ನ ನೋಡಿದ್ದು ಹಳೇ ಸ್ಟಿಕರ್ ಇದ್ದಾಗ. ಆಮೇಲೆ ಅವನು ಕಾರನ್ನೇ ನೋಡಿಲ್ಲ.”

ಕಂಪ್ರೆಸರ್ ತಟ್ಟನೆ ನಿಂತಿತು. ತಟ್ಟೆಗೆ ಆಯಿಲ್ ತೊಟ್ಟಿಕ್ಕುವ ಸದ್ದು ಮಾತ್ರ ಕೇಳುತ್ತಿತ್ತು.

“ಆ ಸ್ಟಿಕರ್ ಇದ್ದಷ್ಟು ದಿನ ಕಾರು ಇಲ್ಲಿಗೆ ಒಂದೇ ಸಲ ಬಂದಿದ್ದು,” ಎಂದರು ಮೇಸ್ತ್ರಿ. “ನೀರಿನ ಟ್ಯಾಂಕರ್ ಹಿಂದಿನಿಂದ ಗುದ್ದಿದಾಗ. ಡಾಕ್ಟರ ಕಾರು ಬಂದಿದ್ದು ಗೇಟಿಗೆ ಗುದ್ದಿಸ್ಕೊಂಡಾಗ. ಸ್ಟುಡಿಯೋದವರದು ಮರಕ್ಕೆ. ಮೂರೂ ಗುದ್ದಿದ ಕಾರುಗಳೇ ಸಾರ್. ಗುದ್ದಿದ ಕಾರಿನ ಡ್ರೈವರ್ ಬಾಗಿಲು ತೆಗೆದು, ಮೊಣಕಾಲೂರಿ ಕೂತು, ಪಿಲ್ಲರಿನ ಫೋಟೋ ತೆಗೆಯೋರು ಯಾರು?”

ನನ್ನ ಕೈ ತಾನಾಗಿಯೇ ಜೇಬಿನಲ್ಲಿದ್ದ ಫೋನಿನ ಮೇಲೆ ಹೋಯಿತು.

“ಬೇರೆ ಸರ್ವೆಯರ್‌ಗಳು ಜಜ್ಜಿದ ಬಂಪರಿನ ನಾಲ್ಕು ಫೋಟೋ ತಗೊಂಡು ಹೊರಟುಹೋಗ್ತಾರೆ. ಜಾತಕ ನೋಡೋರು ನೀವೊಬ್ಬರೇ.”

“ಅಕ್ಕನ ಕಾರನ್ನ ನಾನು ಸರ್ವೆ ಮಾಡ್ಲೇ ಇಲ್ಲ,” ಎಂದೆ. “ಮಾಡಬಾರದು. ಸಂಬಂಧಿಕರ ಗಾಡಿ ಮುಟ್ಟಬಾರದು ಅಂತ ನಿಯಮ. ಬೇರೆಯವನು ಬಂದು ಸಹಿ ಹಾಕಿದ.”

“ಸಹಿ ಅವರು ಹಾಕಿದ್ರು. ಫೋಟೋ?”

ನೆನಪಾಯಿತು. ಆ ಸಹೋದ್ಯೋಗಿಗೆ ಫೋಟೋ ತೆಗೆಯಲು ಬರುವುದಿಲ್ಲ ಎಂದು ನಕ್ಕು, ‘ಸರಿಯಪ್ಪಾ, ಹೇಗೆ ಅಂತ ನೋಡಿ ಕಲ್ತುಕೋ’ ಎಂದು ನಾನೇ ಮೊಣಕಾಲೂರಿ ತೆಗೆದಿದ್ದೆ. ಪಕ್ಕದಲ್ಲಿ ಭಾವ ಟೀ ಲೋಟ ಹಿಡಿದು ನಿಂತಿದ್ದರು.

ನನ್ನ ಎಲ್ಲ ಫೋಟೋಗಳ ಪ್ರತಿ ನನ್ನ ಫೋನಿನಲ್ಲಿಯೂ ಇರುತ್ತದೆ. ಒಂದನ್ನೂ ಅಳಿಸುವುದಿಲ್ಲ. ಸುಳ್ಳು ಹೇಳಿದವನು ಮತ್ತೆ ಬಂದೇ ಬರುತ್ತಾನೆ ಎಂಬುದು ನನ್ನ ನಂಬಿಕೆ. ಫೋನ್ ತೆಗೆದೆ, ಹುಡುಕುವುದಕ್ಕೆ ಹೊತ್ತು ಹಿಡಿಯಿತು.

ಬೂದು ಕಾರು. ಪಿಲ್ಲರ್. ಮೇಸ್ತ್ರಿಯ ಅಕ್ಷರದಲ್ಲಿ ಸ್ಪಷ್ಟವಾಗಿ 41,470. ಮುಂದಿನ ಫೋಟೋ, ಕಾರಿನ ನೋಂದಣಿ ಪತ್ರ. ಅದರ ಮುಂದಿನದು ಭಾವ ತುಂಬಿದ ವಿಮೆಯ ಫಾರಂ. ಫೋನ್ ನಂಬರಿನ ಜಾಗದಲ್ಲಿ ಅವರು ಅಕ್ಕನ ನಂಬರ್ ಬರೆದಿದ್ದರು. ತಮ್ಮ ಫೋನನ್ನು ಎಲ್ಲೆಂದರಲ್ಲಿ ಮರೆತು ಬರುವ ಮನುಷ್ಯ ಅವರು.

ಆ ದನಿಗೆ ಬೇಕಾದ ಮೂರೂ ಅಲ್ಲಿದ್ದವು. ಹೆಸರು, ಫೋನ್ ನಂಬರು, ನಂಬಿಸುವುದಕ್ಕೆ ಒಂದು ಅಂಕಿ. ಒಂದರ ಹಿಂದೆ ಒಂದು, ನಾನೇ ಜೋಡಿಸಿಟ್ಟ ಕ್ರಮದಲ್ಲಿ.

“ಈ ಫೋಟೋಗಳನ್ನ ಯಾರಿಗಾದ್ರೂ ಕೊಟ್ಟಿದ್ರಾ?” ಮೇಸ್ತ್ರಿಯ ದನಿ ಮೆತ್ತಗಿತ್ತು.

“ಇಲ್ಲ,” ಎಂದೆ. ತಕ್ಷಣ ಗೋಡೆಯ ಮೇಲಿನ ನೀಲಿ ಮುದ್ರೆ ಕಣ್ಣ ಮುಂದೆ ಬಂತು. “ತರಬೇತಿ ಕೇಂದ್ರಕ್ಕೆ ಕೊಟ್ಟೆ. ಎಂಟು ತಿಂಗಳ ಹಿಂದೆ. ಹೊಸ ಹುಡುಗರಿಗೆ ಪಾಠ ಮಾಡೋಕೆ ಬೇಕು ಅಂದ್ರು. ಹಾರ್ಡ್ ಡಿಸ್ಕ್ ಪೂರ್ತಿ ಕಳಿಸಿಕೊಟ್ಟೆ.”

“ಆ ಕೇಂದ್ರ ಎಲ್ಲಿದೆ?”

“ಹೋಗಿಲ್ಲ.”

“ಅಲ್ಲಿನವರನ್ನ ಯಾರನ್ನಾದ್ರೂ ನೋಡಿದ್ದೀರಾ?”

“ಫೋನಲ್ಲೇ ಮಾತಾಡಿದ್ದು. ಡಿಸ್ಕ್ ತಗೊಂಡು ಹೋಗೋಕೆ ಕೊರಿಯರಿನವನು ಬಂದಿದ್ದ.”

“ಹಿಂದಿನ ದಿನ ಹೇಳಿ ಬಂದಿದ್ನಾ?”

“ಇಲ್ಲ. ಅವತ್ತೇ ಕೊನೇ ದಿನ ಅಂದ್ರು. ಸಂಜೆಯೊಳಗೆ ಕಳಿಸದಿದ್ರೆ ಬೇರೆ ಸರ್ವೆಯರ್ ಫೋಟೋ ಹಾಕ್ತೀವಿ ಅಂದ್ರು.”

ಮೇಸ್ತ್ರಿ ಬೀರುವಿನ ಬಾಗಿಲನ್ನು ಅರ್ಧ ಮುಚ್ಚಿದರು. ಆಮೇಲೆ, ಕೇಳುವುದೋ ಬೇಡವೋ ಎನ್ನುವ ಹಾಗೆ ಕೇಳಿದರು. “ತುಂಬಾ ಹೊಗಳಿದ್ರಾ ಸಾರ್?”

‘ನಿಮ್ಮಂಥ ಕಣ್ಣು ಇನ್ನೊಬ್ಬರಿಗಿಲ್ಲ ಸಾರ್. ನೀವು ನಿವೃತ್ತರಾದ ಮೇಲೆ ಈ ವಿದ್ಯೆ ನಿಮ್ಮೊಂದಿಗೇ ಹೋಗಬಾರದು.’ ಆ ದನಿ ಹೀಗೆ ಹೇಳಿತ್ತು. ಊಟವಾಯಿತೇ ಎಂದೂ ಕೇಳಿತ್ತು. ಆ ರಾತ್ರಿ ನನಗೆ ಖುಷಿಗೆ ನಿದ್ದೆ ಬಂದಿರಲಿಲ್ಲ.

“ಊರಿಗೆಲ್ಲ ಶಕುನ ಹೇಳೋ ಹಲ್ಲಿ,” ಎಂದು ಮೇಸ್ತ್ರಿ ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧ ನನಗೆ ಗೊತ್ತಿತ್ತು.

ಅಕ್ಕ ಮೋಸಹೋಗುವುದಕ್ಕೆ ಎಂಟು ತಿಂಗಳ ಮುಂಚೆಯೇ ನಾನು ಮೋಸಹೋಗಿದ್ದೆ. ಅಕ್ಕ ತನ್ನದನ್ನಷ್ಟೇ ಕಳೆದುಕೊಂಡಳು. ನಾನು ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು ನಂಬಿ ಫಾರಂ ತುಂಬಿಕೊಟ್ಟ ಪ್ರತಿಯೊಬ್ಬರನ್ನೂ ಗಂಟು ಕಟ್ಟಿ ಕಳ್ಳರ ಕೈಗೆ ಕೊಟ್ಟಿದ್ದೆ, ಕೊರಿಯರಿನವನಿಗೆ ನೀರು ಕೊಟ್ಟು ಉಪಚಾರವನ್ನೂ ಮಾಡಿದ್ದೆ. ಮೂರು ಜನ ನಮಗೆ ತಿಳಿದವರು. ಹೇಳಿಕೊಳ್ಳದವರು ಎಷ್ಟು ಮಂದಿಯೋ.

“ಮೇಸ್ತ್ರಿ,” ಎಂದೆ. ಕ್ಷಮಿಸಿ ಎನ್ನಬೇಕಾಗಿತ್ತು. ಅಭ್ಯಾಸವಿಲ್ಲದ ಮಾತು ಅದು. “ಮೇಸ್ತ್ರಿ, ನೀವು...” ಎಂದು ಬಹುವಚನಕ್ಕೆ ಮಾತ್ರ ಹೇಗೋ ಮರಳಿದೆ.

“ಅದಿರ್ಲಿ ಸಾರ್. ಅಕ್ಕನವರು ಎಲ್ಲಿದ್ದಾರೆ ಈಗ?”

ಮೂರು ಗಂಟೆ ಇಪ್ಪತ್ತು ನಿಮಿಷ.

ಅಕ್ಕನಿಗೆ ಫೋನ್ ಮಾಡಿದೆ. ಬೇರೆ ಕರೆಯಲ್ಲಿದ್ದಾರೆ ಎಂದಿತು. ಮತ್ತೆ ಮಾಡಿದೆ, ಅದೇ. ಮೂರನೆಯ ಸಲವೂ ಅದೇ. ಅಕ್ಕ ಅಷ್ಟು ಹೊತ್ತು ಫೋನಿನಲ್ಲಿ ಮಾತಾಡುವವಳಲ್ಲ. ಅಂಗಡಿಯಲ್ಲಿ ಬಟ್ಟೆ ಕೊಡಲು ಬಂದವರೊಂದಿಗೇ ನಾಲ್ಕು ಮಾತಿಗಿಂತ ಹೆಚ್ಚು ಆಡುವವಳಲ್ಲ. ಭಾವ ಹೋದ ಮೇಲೆ ಅವಳನ್ನು ಊಟವಾಯಿತೇ ಎಂದು ದಿನಾ ಕೇಳಿದವರು ಯಾರು? ನಾನಂತೂ ಅಲ್ಲ.

ಬ್ಯಾಂಕಿಗೆ ಮಾಡಿದೆ. ಒಂದು ಹೆಣ್ಣು ದನಿ ಸವಿಯಾಗಿ, ಸಾಲಕ್ಕೆ ಒಂದನ್ನು ಒತ್ತಿ, ಕಾರ್ಡಿಗೆ ಎರಡನ್ನು ಒತ್ತಿ ಎಂದಿತು. ಏನನ್ನು ಒತ್ತಿದರೂ ನನ್ನ ಕರೆ ತಮಗೆ ಬಹಳ ಅಮೂಲ್ಯ ಎಂದಿತು. ಹತ್ತು ನಿಮಿಷ ಹಾಗೆಯೇ ಅಮೂಲ್ಯನಾಗಿ ನಿಂತಿದ್ದೆ, ಕೊನೆಗೆ ಬ್ಯಾಟರಿ ಮುಗಿದು ನನ್ನ ಫೋನೇ ಆರಿಹೋಯಿತು.

ಅಷ್ಟರಲ್ಲಿ ಗೇಟಿನ ಬಳಿ ಜೀಪು ಬಂದು ನಿಂತ ಸದ್ದಾಯಿತು. ಮ್ಯಾನೇಜರ್ ಕ್ಯಾಬಿನ್ನಿನಿಂದ ಓಡುತ್ತಲೇ ಹೊರಗೆ ಹೋದ.

ಮೇಸ್ತ್ರಿ ಅತ್ತ ಒಮ್ಮೆ ನೋಡಿದರು. ಆಮೇಲೆ ಅಂಗಿಯ ಜೇಬಿನಿಂದ ತಮ್ಮ ಫೋನ್ ತೆಗೆದು ನನ್ನ ಕಡೆಗೆ ಚಾಚಿದರು. “ನನ್ನದ್ರಲ್ಲಿ ಮಾಡಿ ಸಾರ್. ಗೊತ್ತಿಲ್ಲದ ನಂಬರ್ ಆದ್ರೆ, ಆ ಜನಾನೇ ಅಂದುಕೊಂಡು ಎತ್ತಿದ್ರೂ ಎತ್ತಬಹುದು.”

ಒಂದೇ ರಿಂಗಿಗೆ ಎತ್ತಿದಳು.

“ಹೇಳಿ ಸಾರ್,” ಎಂದಳು ಅಕ್ಕ. ಅಷ್ಟು ಮರ್ಯಾದೆಯ, ಅಷ್ಟು ನಿರಾಳದ ದನಿಯಲ್ಲಿ ಅವಳು ಮಾತಾಡಿದ್ದನ್ನು ಕೇಳಿ ಎರಡು ವರ್ಷವಾಗಿತ್ತು. “ಲೈನ್ ಕಟ್ಟಾಯ್ತು, ಈಗ ನಾನೇ ಮಾಡೋಳಿದ್ದೆ. ಇನ್ನೇನು ನನ್ನ ಸರದಿ ಬಂತು.”

ಹಿಂದೆ ಟೋಕನ್ ನಂಬರ್ ಕೂಗುತ್ತಿದ್ದರು.

“ಅಕ್ಕ, ನಾನು.”

“ಯಾರು?”

“ನಾನಕ್ಕ, ನಿನ್ನ ತಮ್ಮ. ಮೇಸ್ತ್ರಿ ಫೋನಿಂದ ಮಾಡ್ತಿದ್ದೀನಿ. ಈಗಲೇ ಎದ್ದು ಹೊರಗೆ ಬಾ. ಠೇವಣಿ ಮುರಿಸಬೇಡ.”

ಅವಳು ಎಚ್ಚರದಿಂದ ಹೇಳಿದಳು. “ದುಡ್ಡು ವಾಪಸ್ ಕೊಡಿಸೋರ ವಿಷಯ ನನ್ನ ತಮ್ಮನಿಗೆ ಗೊತ್ತಲ್ಲ. ಅವನೇ ತಾನೇ ಅವರಿಗೆ ಸಲಹೆಗಾರ. ಮಧ್ಯಾಹ್ನ ನನ್ನ ಫೋನಿಗೆ ಪತ್ರ ಕಳಿಸಿದ್ರು. ಅವನ ಹೆಸರು, ಅವನ ಸಹಿ, ಚಕ್ರದೊಳಗೆ ಕಣ್ಣಿರೋ ಮುದ್ರೆ. ಅವನ ಗೋಡೆ ಮೇಲೆ ಇರೋದೇ. ನಾನೇ ಎಷ್ಟು ಸಲ ಒರೆಸಿಲ್ಲ ಅದನ್ನ?”

“ಅದು ಸುಳ್ಳು ಮುದ್ರೆ ಅಕ್ಕ! ಆ ಸಹಿ ನಾನು ಅವರಿಗೆ ಕೊಟ್ಟ ಕಾಗದದ್ದು. ಎಲ್ಲಾ ಆಮೇಲೆ ಹೇಳ್ತೀನಿ. ಏನೂ ಕೇಳಬೇಡ, ಬೇಗ ಎದ್ದೇಳು, ಬೇಗ!”

“ಆತುರ ಮಾಡ್ತಿದ್ದೀಯ.”

“ಅಕ್ಕ...”

“ಅವರು ಹೇಳಿದ್ರು. ಕೊನೇ ಗಳಿಗೆಯಲ್ಲಿ ಯಾರೋ ನಿಮ್ಮ ತಮ್ಮನ ದನಿಯಲ್ಲೇ ಫೋನ್ ಮಾಡಿ ತಡೀತಾರೆ, ಹುಷಾರಾಗಿರಿ ಅಂತ. ನನ್ನ ತಮ್ಮನೂ ಬೆಳಿಗ್ಗೆ ಅದನ್ನೇ ಬರೆದು ಅಂಟಿಸಿ ಹೋಗಿದ್ದಾನೆ. ಗುರುತಿನ ದನಿಯಾದ್ರೂ ನಂಬಬೇಡ ಅಂತ.”

“ನಿಜವಾಗ್ಲೂ ನಾನೇ ಅಕ್ಕ. ಏನು ಬೇಕಾದ್ರೂ ಕೇಳು. ಭಾವನ ಕಾರು...”

“ಕಾರಿನ ವಿಷಯ ಎಲ್ಲಾ ನಿಮ್ಮಂಥೋರಿಗೆ ಗೊತ್ತಿರುತ್ತೆ.”

ಬೇರೆ ದಾರಿ ತೋಚಲಿಲ್ಲ. ಗ್ಯಾರೇಜಿನ ನಡುವೆ, ಒಳಗೆ ಬರುತ್ತಿದ್ದ ಇಬ್ಬರು ಪೊಲೀಸರ ಎದುರಿಗೆ, ನಾನು ಅಳುತ್ತಿದ್ದೆ. “ತಪ್ಪು ನಂದಕ್ಕ. ನೀನು ಪೆದ್ದಿ ಅಲ್ಲ, ಪೆದ್ದ ನಾನು. ನಿನ್ನ ನಂಬರ್ ಅವರ ಕೈಗೆ ಕೊಟ್ಟಿದ್ದೇ ನಾನು. ನನ್ನನ್ನ ಕ್ಷಮಿಸಿಬಿಡು.”

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಗುರುತು ಹಿಡಿದಳು ಎಂದುಕೊಂಡೆ.

“ಈಗ ಅನುಮಾನ ಬಗೆಹರೀತು,” ಎಂದಳು. “ದನಿಯನ್ನ ಚೆನ್ನಾಗೇ ಕದ್ದಿದ್ದೀಯಪ್ಪ. ಆದರೆ ನನ್ನ ತಮ್ಮ ಹುಟ್ಟಿದಾಗಿಂದ ಒಂದು ಸಲಾನೂ ತಪ್ಪು ನಂದು ಅಂದೋನಲ್ಲ. ನಾನು ಬೆಳೆಸಿದ ಹುಡುಗ, ನನಗೆ ಗೊತ್ತಿಲ್ವಾ?”

ಟೋಕನ್ ಕೂಗಿದರು. ಕರೆ ಕಡಿದುಹೋಯಿತು.

ಮತ್ತೆ ಮಾಡಲು ಬೆರಳಿಟ್ಟೆ. ಪೊಲೀಸನೊಬ್ಬ ಕೈ ಚಾಚಿ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡ.

“ಇದು ಮೇಸ್ತ್ರಿ ಫೋನ್ ತಾನೇ?”

“ಹೌದು, ಆದ್ರೆ ಒಂದು ನಿಮಿಷ, ಅವರು ಏನೂ ಮಾಡಿಲ್ಲ. ಆ ವರದಿ ತಪ್ಪು, ನಾನೇ ಬರೆದಿದ್ದು...”

“ನೀವೇ ಬರೆದಿದ್ದು ಅಂತ ಗೊತ್ತು ಸಾರ್.” ಅವನು ಕಂಕುಳಲ್ಲಿದ್ದ ಹಾಳೆಗಳನ್ನು ತೆಗೆದು, ಕೊನೆಯ ಪುಟದಲ್ಲಿ ಬೆರಳಿಟ್ಟು ಓದಿದ. “‘ಮೇಸ್ತ್ರಿಯ ಫೋನನ್ನು ಮೊದಲು ವಶಕ್ಕೆ ಪಡೆಯುವುದು. ಅದಕ್ಕೆ ಬರುವ ಯಾವ ಕರೆಯನ್ನೂ, ಯಾರೇ ಕೇಳಿಕೊಂಡರೂ, ಸ್ವೀಕರಿಸಲು ಬಿಡಬಾರದು.’ ಚೆನ್ನಾಗಿ ಬರೆದಿದ್ದೀರ.”

ಇನ್ನೊಬ್ಬ ಮೇಸ್ತ್ರಿಯ ಭುಜದ ಮೇಲೆ ಕೈಯಿಟ್ಟ. ಮೇಸ್ತ್ರಿ ಅವನನ್ನು ನೋಡಲಿಲ್ಲ. ಅವರ ಕಣ್ಣು ಫೋನಿನ ಮೇಲಿತ್ತು.

ಗಡಿಯಾರದಲ್ಲಿ ಮೂರು ಗಂಟೆ ನಲವತ್ತೊಂದು ನಿಮಿಷ. ಪೊಲೀಸನ ಅಂಗೈಯಲ್ಲಿ ಫೋನು ಬೆಳಗಿ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಅಕ್ಕನ ನಂಬರ್ ಇತ್ತು.

“ಎತ್ತಿ,” ಎಂದು ಕೂಗಿದೆ. “ದಯವಿಟ್ಟು ಎತ್ತಿ!”

ಅವನು ನನ್ನ ವರದಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದ. ಫೋನು ಆರು ಸಲ ಬಡಿದುಕೊಂಡು ಸುಮ್ಮನಾಯಿತು.